ರಾಣಿ ಇರುವೆಯ ಮೊದಲ ಮಕ್ಕಳು

"ಅಲ್ಲಾಡಿಸಬೇಡ್ರೀ!"

ಇರುವೆ ಮೇಷ್ಟ್ರ ಕೂಗಿಗೆ ಬೆಚ್ಚಿದ ಅವಳ ಕೈಯಿಂದ ಬಾಟಲಿ ಜಾರಿತು. ಅವನೇ ಹಾರಿ ಬಂದು ಹಿಡಿದ. ಬಾಟಲಿಯ ಜೊತೆ ಅವಳ ಬೆರಳುಗಳೂ ಅವನ ಮುಷ್ಟಿಯಲ್ಲಿದ್ದವು!

ಅವಳು ಬಡಗಿಯ ಮಗಳು. ಅಪ್ಪನ ಅಂಗಡಿಯಲ್ಲಿ ಉಳಿ ಹಿಡಿದೇ ಬೆಳೆದವಳು. ಮರದ ರಾಶಿಯಲ್ಲಿ ಸಿಕ್ಕ ದಪ್ಪ ಕಪ್ಪಿರುವೆಯನ್ನು ಬಾಟಲಿಗೆ ಹಾಕಿಕೊಂಡು, ಅದು ಯಾವುದೆಂದು ಇರುವೆಗಳ ಅಧ್ಯಯನ ಮಾಡುವ ಈ ಮೇಷ್ಟ್ರನ್ನು ಕೇಳಲು ಕಾಲೇಜಿಗೆ ಬಂದಿದ್ದಳು.

ಅವನು ಭೂತಗನ್ನಡಿ ಹಿಡಿದ. "ಬಡಗಿ ಇರುವೆ. ರಾಣಿ. ಮರ ತಿನ್ನಲ್ಲ, ಕೊರೆದು ಮನೆ ಮಾಡ್ತಾಳೆ."

"ಹಾಗಾದ್ರೆ ನಮ್ಮ ಕಸುಬಿನೋಳೇ!"

ಅವನು ನಕ್ಕ. ಆ ನಗು ಅವಳ ಎದೆಗೇ ನಾಟಿತು...

"ಯಾವ ಪ್ರಭೇದ ಅಂತ ರಾಣಿ ಒಬ್ಬಳನ್ನೇ ನೋಡಿ ಹೇಳಕ್ಕಾಗಲ್ಲ. ಕತ್ತಲಲ್ಲಿಡಿ, ಮುಟ್ಟಬೇಡಿ. ಮಕ್ಕಳು ಹುಟ್ಟಿದ ಮೇಲೆ ತನ್ನಿ."

ಅಂದರೆ ಅಲ್ಲಿಯವರೆಗೂ ಇವನನ್ನು ನೋಡುವಂತಿಲ್ಲ!

ಅವಳು ಕಾಲು ಸುಟ್ಟ ಬೆಕ್ಕಿನಂತಾದಳು. ಹಲಗೆಯ ಮೇಲೆ ಕೀಸುಳಿ ತಳ್ಳುವಾಗಲೂ ಕಣ್ಣ ಮುಂದೆ ಅವನ ಅದೇ ನಗು.

"ಹಲಗೆ ಸವೆದು ಕಾಗದ ಆಯ್ತಲ್ಲೇ! ಯಾವ ಲೋಕದಲ್ಲಿದ್ದೀಯ?" ಅಪ್ಪ ಗದರಿದ.

ಕೊನೆಗೆ ತಡೆಯಲಾರದೆ, ಮರದ ರಾಶಿಯಿಂದಲೇ ನಾಲ್ಕಾರು ಕಪ್ಪಿರುವೆ ಹಿಡಿದು ಬೇರೆ ಬಾಟಲಿಗೆ ಹಾಕಿ ಕಾಲೇಜಿಗೆ ಓಡಿದಳು.

"ಮಕ್ಕಳು ಹುಟ್ಟಿದ್ವು!"

ನೋಡುತ್ತಿದ್ದಂತೆ ಅವನ ಹುಬ್ಬು ಗಂಟಿಕ್ಕಿತು. "ರಾಣಿಯ ಮೊದಲ ಮಕ್ಕಳು ಯಾವಾಗಲೂ ಗಿಡ್ಡ ಕಣ್ರೀ. ಇವು ದೊಡ್ಡವು, ಯಾವುದೋ ಹಳೇ ಗೂಡಿನವು. ನನ್ನ ಕೆಲಸ ನಿಮಗೆ ತಮಾಷೆನಾ?"

ನಿಮ್ಮನ್ನ ನೋಡೋಕೆ ನೆಪ ಬೇಕಿತ್ತು... ಎನ್ನಲಾರದೆ ಬಾಟಲಿಯನ್ನು ವಾಪಸ್ ಎತ್ತಿಕೊಂಡಳು. ಇರುವೆಯ ಕಾಲಿನ ಕೂದಲು ಕಾಣುವ ಕಣ್ಣಿಗೆ ಎದುರಿಗೆ ನಿಂತ ಹೆಣ್ಣಿನ ಕಣ್ಣೀರು ಕಾಣಲಿಲ್ಲ. ಓದಿದವರ ಹಣೆಬರಹವೇ ಇಷ್ಟು!

ಕೆಲವು ವಾರಗಳಲ್ಲಿ ನಿಜವಾಗಿಯೂ ಮಕ್ಕಳು ಹುಟ್ಟಿದವು. ಸಾಸಿವೆಯಷ್ಟು ಪುಟ್ಟವು. ಆದರೆ ಯಾವ ಮುಖ ಹೊತ್ತು ಹೋಗುವುದು? ಬಾಟಲಿ ಎದೆಗೊತ್ತಿಕೊಂಡು ಸುಮ್ಮನೆ ಅತ್ತಳು.

ಒಂದು ಮಧ್ಯಾಹ್ನ ಅಂಗಡಿಯ ಬಾಗಿಲಲ್ಲಿ ಅವನೇ! ಕೈಯಲ್ಲೊಂದು ಸ್ಟೂಲು.

"ಕಾಲು ಮುರಿದೋಯ್ತು. ಸರಿ ಮಾಡ್ಕೊಡ್ತೀರಾ?"

ಅವಳು ಸ್ಟೂಲಿನ ಕಾಲಿನ ತುದಿ ಸವರಿದಳು. "ಮುರಿದ ಮರ ಸಿಗುರು ಸಿಗುರಾಗಿರುತ್ತೆ ಮೇಷ್ಟ್ರೇ. ಇದು ಗರಗಸದಲ್ಲಿ ಕೊಯ್ದಿದ್ದು. ಅದೂ ಕೊಯ್ಯೋಕೆ ಬರದೋರು!"

ಅವನ ಕಿವಿ ಕೆಂಪಾಯಿತು. "ನೀವು ಯಾಕೆ ಸುಳ್ಳು ಹೇಳಿದ್ರಿ ಅಂತ ನೀವು ಹೋದ್ಮೇಲೆ ಹೊಳೀತು. ಇರುವೆ ಬಿಟ್ರೆ ಬೇರೆ ವಿಷಯದಲ್ಲಿ ನನ್ನ ತಲೆ ನಿಧಾನ... ದಿನಾ ಬಾಗಿಲು ನೋಡ್ತಿದ್ದೆ. ನೀವು ಬರಲೇ ಇಲ್ಲ."

"ಯಾರೇ ಅದು?" ಒಳಗಿನಿಂದ ಅಪ್ಪ.

"ಗಿರಾಕಿ ಅಪ್ಪಾ!"

ಒಳಗೆ ಹೋಗಿ ರಾಣಿಯ ಬಾಟಲಿ ತಂದಳು. "ಈಗ ಹೇಳ್ತೀರಾ, ಯಾವ ಪ್ರಭೇದ?"

"ಈ ಗಿಡ್ಡರನ್ನ ನೋಡಿದ್ರೆ ಸಾಲದು. ದಪ್ಪ ತಲೆಯ ದೊಡ್ಡ ಇರುವೆಗಳು ಹುಟ್ಟಬೇಕು. ವರ್ಷವಾದ್ರೂ ಬೇಕು."

"ಆಮೇಲೆ? ಹೆಸರು ಸಿಕ್ಕಿದ ಮೇಲೆ ಹೊರಟು ಹೋಗ್ತೀರಾ?"

"ಅಷ್ಟರಲ್ಲಿ ನೀವು ನಮ್ಮನೇಲಿರಬೇಕು ಅಂತ ಆಸೆ. ಅಪ್ಪನ್ನ ಕೇಳ್ಲಾ?"

"ಮೊದಲು ನನ್ನನ್ನ ಕೇಳಿ!"

ಕೇಳಿದ. ಅವಳು ತಲೆ ತಗ್ಗಿಸಿ ನಿಂತೇ ಇದ್ದಳು, ಕಣ್ಣು ತುಂಬಿಕೊಂಡು.

"ಒಂದು 'ಹೂಂ' ಅನ್ನೋಕೆ ಇಷ್ಟು ಹೊತ್ತಾ?"

"ನನ್ನನ್ನ ಇಷ್ಟು ದಿನ ಕಾಯಿಸಿದ್ರಲ್ಲ... ಒಂದು ಗಳಿಗೆ ನೀವೂ ಕಾಯಿರಿ!"