ಅಂದಪ್ಪನ ರಾಜದೂತ

1982ರ ಫೆಬ್ರವರಿ 9, ಬೆಳಿಗ್ಗೆ. ಗುಳೇದಗುಡ್ಡ ಠಾಣೆಗೆ ಸಿದ್ದಲಿಂಗವ್ವ ದೂರು ಹೊತ್ತು ಬಂದಳು. ಜೊತೆಗೆ ಬಂದಿದ್ದ ಮೈದುನ ಈರಪ್ಪ ಬಾಗಿಲಲ್ಲೇ ನಿಂತ. ಪಿ.ಎಸ್.ಐ. ಅಮಾತೆಪ್ಪ ಹಿಂದಿನ ದಿನವಷ್ಟೇ ಬಾವಿಗೆ ಬಿದ್ದವಳೊಬ್ಬಳ ಶವ ಪಂಚನಾಮೆ ಮುಗಿಸಿದ್ದ. ಅಂಥವನ್ನು ನೋಡಿ ನೋಡಿ ಅವನ ಮನಸ್ಸು ಜಡ್ಡುಗಟ್ಟಿತ್ತು.

“ಅಂಗಳದಾಗಿನ ರಾಜದೂತ ಮೋಟರ್ ಸೈಕಲ್ ಗಾಡಿ ಕಳುವಾಗೇತ್ರಿ. ನಮ್ಮ ಮನಿಯವರದು.”

“ಅವರೆಲ್ಲಿ?”

“ಹೋದ ವರ್ಷ ಕಾಮಣಿ ಬ್ಯಾನಿ ಬಂದು ತೀರಿಕೊಂಡ್ರು.”

“ಆರ್.ಸಿ. ಬುಕ್ಕು?”

“ಇಲ್ಲರಿ. ಬಾದಾಮ್ಯಾಗ ಹಳೇದು ತಗೊಂಡಿದ್ರು. ಬುಕ್ಕು ಆಮ್ಯಾಲ ಕೊಡ್ತೇನಿ ಅಂದಾತ ಊರ ಬಿಟ್ಟ.”

ಎಫ್.ಐ.ಆರ್. ದಾಖಲಾಯಿತು. ವಾರದೊಳಗೆ ಕಾನ್ಸ್‌ಟೇಬಲ್ ಇಮಾಮಸಾಬ ಇಳಕಲ್ಲಿನ ಗ್ಯಾರೇಜೊಂದರಲ್ಲಿ ನಂಬರ್ ಪ್ಲೇಟಿಲ್ಲದ ರಾಜದೂತ ಹಿಡಿದು ತಂದ. ಜೊತೆಗೆ ಠಾಣೆಗೆ ಬಂದ ಗ್ಯಾರೇಜಿನ ಖಾದರಬಾಷಾ ಗಾಡಿ ತನ್ನದೆಂದ. ಕಾಗದ ಅವನ ಹತ್ತಿರವೂ ಇರಲಿಲ್ಲ.

ಅಮಾತೆಪ್ಪ ಗಾಡಿಗೆ ಗೋಣಿತಟ್ಟು ಹೊದಿಸಿ, ಪಂಚರೆದುರು ಸಿದ್ದಲಿಂಗವ್ವನನ್ನು ಕರೆಸಿದ. ಈರಪ್ಪನೂ ಬಂದ.

“ನೋಡೂಕಿಂತ ಮೊದಲ ಗುರುತು ಹೇಳ್ರಿ.”

“ಅವರ ಬಲಗಾಲು ಸೊಟ್ಟ ಇತ್ತರಿ. ಬ್ರೇಕಿಗೆ ಕಾಲು ನಿಲುಕ್ತಿರಲಿಲ್ಲ. ಮಗ್ಗದ ಕಬ್ಬಿಣದ ಪಟ್ಟಿ ಬೆಸುಗಿ ಹಾಕ್ಸಿ ಉದ್ದ ಮಾಡಿಸಿದ್ರು.”

ತಟ್ಟು ತೆಗೆದರು. ಪಟ್ಟಿ ಅಲ್ಲೇ ಇತ್ತು. ಅವಳು ಸೀರೆ ಎತ್ತಿ ಕಟ್ಟಿ, ಒಂದೇ ಒದೆತಕ್ಕೆ ಗಾಡಿ ಸುರು ಮಾಡಿದಳು.

“ನಿಮಗ ಹೆಂಗ ಬರ್ತದ?”

“ನಿಂತಲ್ಲೇ ನಿಂತ್ರ ಕೆಡ್ತದ ಅಂತಿದ್ರು. ಅವರು ಹೋದ ಮ್ಯಾಲ ನಾನ ದಿನಾ ಸಂಜೀಕ ಸುರು ಮಾಡಿ ಇಡ್ತಿದ್ನಿ.”

ಅಮಾತೆಪ್ಪ ಖಾದರಬಾಷಾನತ್ತ ತಿರುಗಿದ. “ಅಂದ್ರ ಕದ್ದಾಂವ ನೀನ?”

“ಕದ್ದಿಲ್ಲರಿ, ಕೊಂಡೇನಿ. ಅಗೋ, ಅಲ್ಲಿ ನಿಂತಾನಲ್ಲ, ಅಂವನ ಮಾರಿದ್ದು.”

ಈರಪ್ಪ ಓಡಲಿಲ್ಲ. ಇಮಾಮಸಾಬ ಕೈ ಹಿಡಿದಾಗ ಬಿಡಿಸಿಕೊಳ್ಳಲೂ ಇಲ್ಲ. ಸಿದ್ದಲಿಂಗವ್ವ ಮೈದುನನ ಮುಖ ನೋಡಿ ಗಾಡಿ ಬಂದ್ ಮಾಡಿದಳು. ಕೋರ್ಟಿನ ಅಪ್ಪಣೆಯಾಗುವ ತನಕ ಅದು ಠಾಣೆಯಲ್ಲೇ ಇರಬೇಕಿತ್ತು.

ಒಳಗೆ ಅಮಾತೆಪ್ಪ ಈರಪ್ಪನನ್ನು ಕೇಳಿದ, “ರೊಕ್ಕದ ಅಡಚಣಿ ಇತ್ತೇನು?”

“ಇಲ್ಲರಿ. ನಮ್ಮವ್ವಗ ಕಣ್ಣ ಕಾಣೂದಿಲ್ಲ, ನೆನಪೂ ಹೋಗೇತಿ. ಗಾಡಿ ಸಪ್ಪಳ ಕೇಳಿದ ಕೂಡ್ಲೆ ಅಂದಪ್ಪ ಬಂದ ಅಂತ ಗಂಗಾಳ ತೊಳದು ರೊಟ್ಟಿ ಹಚ್ತಿದ್ಲು. ಅಣ್ಣ ಸತ್ತಾನಬೇ ಅಂತ ದಿನಾ ನಾನ ಹೇಳ್ಬೇಕು. ದಿನಾ ಅಕಿ ಹೊಸದಾಗಿ ಅಳಬೇಕು.”

“ಅತ್ತಿಗಿಗೆ ಹೇಳಬೇಕಿತ್ತು.”

“ಅಕಿಗೂ ಆ ಸಪ್ಪಳ ಬಿಟ್ರ ಏನದರಿ? ಬಾಯಿ ಬರಲಿಲ್ಲ.”

ಅಮಾತೆಪ್ಪ ಹೇಳಿಕೆ ಬರೆದುಕೊಂಡು ಸಹಿಗೆ ಮುಂದೆ ಸರಿಸಿದ. “ಈಗ ಅವ್ವ ಅಳೂದಿಲ್ಲಲ್ಲ?”

“ಅಳೂದಿಲ್ಲರಿ,” ಎಂದ ಈರಪ್ಪ. “ಮಗ ಇನ್ನೂ ಬಂದಿಲ್ಲ ಅಂತ ಬಾಗಲಾ ಹಾಕಗೊಡೂದಿಲ್ಲ.”