ಎಡಮೀಸೆ

ಹಳೇ ಕ್ಷೌರದ ಕತ್ತಿಗಳ ಹುಚ್ಚು ನನಗೂ ಗೆಳೆಯ ಚಿತ್ತೇಶನಿಗೂ ಇದೆ. ಹುಳಿಯಾರು ಸಂತೆಯಲ್ಲಿ ಸಿಕ್ಕಿದ ಕತ್ತಿಯನ್ನು ಮಸೆದು ಅವನಿಗೆ ಫೋನ್ ಮಾಡಿದೆ.

“ಚಳೀಲಿ ಕತ್ತಿ ಕೊರೀತದೆ ಕಣ್ಲಾ, ಬಿಸಿನೀರಲ್ಲಿ ಅದ್ದು,” ಎಂದ.

ಅದ್ದುವ ಮೊದಲೇ ಅದು ಬೆಚ್ಚಗಿತ್ತು.

ಅಪ್ಪ ಇರುವವರೆಗೆ ನಮ್ಮಲ್ಲಿ ಮೀಸೆ ತೆಗೆಯುವುದಿಲ್ಲ. ಕೆನ್ನೆಯನ್ನಷ್ಟೇ ಬೋಳಿಸಿ ಮುಖ ತೊಳೆದೆ. ಕನ್ನಡಿಯಲ್ಲಿ ನನ್ನ ಎಡಮೀಸೆ ಇರಲಿಲ್ಲ.

ಹೊರಗೆ ಓಡಿದೆ. ಅಪ್ಪ ಜಗಲಿಯಲ್ಲಿ ಕೊಬ್ಬರಿ ಮುಂದಿಟ್ಟುಕೊಂಡು ಕೂತಿದ್ದರು.

“ಯಾಕೋ ಎಡಗೈ ಏಳ್ತಾನೇ ಇಲ್ಲ ಕಣ್ಲಾ.”

ಆಸ್ಪತ್ರೆಗೆ ಸೇರಿಸಿದೆವು. ಮನೆಗೆ ಬಂದು ಕತ್ತಿಯನ್ನು ಬಾವಿಗೆ ಎಸೆದು ಆಸ್ಪತ್ರೆಗೆ ಮರಳಿದೆ. ಉಳಿದ ಮೀಸೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಅಪ್ಪನ ಮಂಚದ ಪಕ್ಕದಲ್ಲೇ ಮಲಗಿದೆ. ದೇವರೇ, ಇನ್ನೇನು ಮಾಡಲಿ?

ಬೆಳಿಗ್ಗೆ ಎಚ್ಚರವಾದಾಗ ಅಂಗೈ ಒದ್ದೆಯಾಗಿತ್ತು. ಬಲಮೀಸೆಗೆ ಯಾರೋ ಸೋಪು ಹಚ್ಚಿದ್ದರು. ನೊರೆ ಇನ್ನೂ ಬೆಚ್ಚಗಿತ್ತು.