ಕಾಣೆಯಾದ ಒಂಬತ್ತನೇ ಕಲಂ

ಸಂಸತ್ ಭವನದ ನೆಲಮಾಳಿಗೆಯಲ್ಲಿದ್ದ ಅಕಾರಾದಿ ಕೋಣೆಯ ಬಾಗಿಲಿಗೆ, ಎಲ್ಲರೂ ಡೈಲಾಗ್ ಎಂದೇ ಕರೆಯುತ್ತಿದ್ದ ಯುವಕ ಅಂದು ಬೆಳಿಗ್ಗೆ 'ಎಚ್ಚರಿಕೆ, ಒಳಗೆ ಅತ್ತೆ ಇದ್ದಾರೆ' ಎಂಬ ಚೀಟಿ ಅಂಟಿಸಿ, ಯಾರು ಮೊದಲು ನಗುತ್ತಾರೋ ನೋಡೋಣವೆಂದು ಕಾದು ಕೂತಿದ್ದ. ಮೊದಲು ಬಂದವಳು ನಗಲಿಲ್ಲ. ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿಯಿತ್ತು. ನೇರ ಒಳಗೆ ಹೋಗಿ ಅತ್ತೆಯ ಮೇಜಿನ ಮುಂದೆ ನಿಂತಳು.

"ಅಮ್ಮಾ, ಮೂರು ದಿನ ಆಯ್ತು. ನಮ್ಮನೆಯವ್ರನ್ನ ಎಲ್ಲಿಟ್ಟಿದಾರೆ ಅಂತ ಯಾರೂ ಹೇಳ್ತಿಲ್ಲ. ಈ ಠಾಣೆಗೆ ಹೋದ್ರೆ ಆ ಠಾಣೆ ಅಂತಾರೆ. ಆ ಠಾಣೆಗೆ ಹೋದ್ರೆ ನೀನ್ಯಾರಮ್ಮ ಅಂತಾರೆ."

ಅವಳು ಮುದ್ರಣಾಲಯದ ಫೋರ್‌ಮನ್‌ನ ಹೆಂಡತಿ. ಡೈಲಾಗ್ ಸಭೆಯ ಶೀಘ್ರಲಿಪಿಕಾರ. ಯಾವ ಸಂದರ್ಭಕ್ಕೂ ಒಂದು ಸಿನಿಮಾ ಮಾತು ಅವನ ನಾಲಿಗೆ ತುದಿಯಲ್ಲಿರುತ್ತಿತ್ತು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಆದರೆ ಆ ಬರಿಗಾಲು ನೋಡಿ ಅವನು ಮೆಲ್ಲಗೆ ಹೋಗಿ ಬಾಗಿಲಿನ ಚೀಟಿ ಕಿತ್ತು ಜೇಬಿಗೆ ತುರುಕಿಕೊಂಡ.

ಅತ್ತೆ ಎಂದರೆ ಅವನ ಸ್ವಂತ ಸೋದರತ್ತೆ. ಮೂವತ್ತು ವರ್ಷದಿಂದ ಅವಳ ಕೆಲಸ ಒಂದೇ: ಸಭೆ ಒಪ್ಪಿದ ಪ್ರತಿ ಕಾನೂನಿನ ಪದಗಳನ್ನೂ ಅಕಾರಾದಿಯಾಗಿ ಜೋಡಿಸಿ, ಯಾವ ಮಾತು ಯಾವ ಕಲಂನಲ್ಲಿದೆ ಎಂದು ಕಾರ್ಡುಗಳಲ್ಲಿ ಬರೆದಿಡುವುದು. ಭವನದಲ್ಲಿ ಏನು ಕಳೆದರೂ ಜನ ಪೊಲೀಸರಿಗಿಂತ ಮೊದಲು ಅವಳ ಹತ್ತಿರ ಬರುತ್ತಿದ್ದರು. ಈ ಸಲ ಕಳೆದದ್ದನ್ನು ಕಂಡುಹಿಡಿದವಳೂ ಅವಳೇ.

ಹಿಂದಿನ ವಾರ ಸಭೆ ನಾಗರಿಕ ರಕ್ಷಣಾ ಮಸೂದೆಯನ್ನು ಒಪ್ಪಿತ್ತು. ಅದರ ಜೀವವೆಲ್ಲ ಒಂಬತ್ತನೇ ಕಲಂನಲ್ಲಿತ್ತು. ಪೊಲೀಸರು ಯಾರನ್ನೇ ಹಿಡಿದರೂ ಒಂದು ದಿನದೊಳಗೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಎಲ್ಲಿಟ್ಟಿದ್ದೇವೆಂದು ಮನೆಯವರಿಗೆ ತಿಳಿಸಬೇಕು. ಈಗಾಗಲೇ ಒಳಗಿರುವವರಿಗೂ ಇದು ಅನ್ವಯ. ತಪ್ಪಿದ ಅಧಿಕಾರಿಗೆ ಹದಿನೇಳನೇ ಕಲಂ ಪ್ರಕಾರ ಜೈಲು. ಸಭೆ ಒಪ್ಪಿದ ಮೇಲೆ ಮಸೂದೆಯ ಕೊನೆಯ ಪ್ರತಿ ಅಚ್ಚಾಗಿ, ಸಭಾಧ್ಯಕ್ಷರ ಸಹಿ ಪಡೆದು, ರಾಷ್ಟ್ರಾಧ್ಯಕ್ಷರ ಅಂಕಿತಕ್ಕೆ ಹೋಗುತ್ತದೆ. ಅಂಕಿತ ಬಿದ್ದರೆ ಕಾನೂನು. ಆ ಕೊನೆಯ ಪ್ರತಿಯಲ್ಲಿ ಒಂಬತ್ತನೇ ಕಲಂ ಇರಲಿಲ್ಲ! ಅತ್ತೆ ಓಡಿಹೋಗಿ ಹೇಳಿದಾಗ ಸಭಾಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆಯುತ್ತಿದ್ದರಂತೆ. ಮುಚ್ಚಳ ಕೈಜಾರಿ ಬಿದ್ದದ್ದು ಇನ್ನೂ ಸಿಕ್ಕಿರಲಿಲ್ಲ. ಅಚ್ಚು ಹಾಕಿದವನು ಫೋರ್‌ಮನ್, ಆದ್ದರಿಂದ ಕಳ್ಳನೂ ಅವನೇ ಎಂದು ಪೊಲೀಸರು ಅವನನ್ನು ಎತ್ತಿಕೊಂಡು ಹೋದರು.

"ಕರ್ಕೊಂಡು ಹೋಗೋ ಮುಂಚೆ ಏನಾದ್ರೂ ಹೇಳಿದ್ರಾ?" ಅತ್ತೆ ಕೇಳಿದಳು.

"ಭವನದಿಂದ ಬರೋ ಬೀಗದ ಚೀಲದಲ್ಲಿ ಮೊಹರು ಹಾಕಿದ ಚೀಟಿ ಬಂತಂತೆ. ಜೊತೆಗೆ ಟೈಪ್ ಮಾಡಿದ ಹೊಸ ಪುಟಗಳು. ಹೀಗೇ ಅಚ್ಚು ಹಾಕು ಅಂತಿತ್ತಂತೆ, ಹಾಕಿದ್ರಂತೆ. ರೂಢಿ ಪ್ರಕಾರ ಎಲ್ಲಾ ಅದೇ ಚೀಲದಲ್ಲಿ ವಾಪಸ್ ಕಳ್ಸಿದ್ರಂತೆ. ಈಗ ಚೀಟಿನೂ ಇಲ್ಲ, ಪುಟಗಳೂ ಇಲ್ಲ."

ಮುದ್ರಣಾಲಯ ಬಿಟ್ಟರೆ ಆ ಚೀಲದ ಕೀಲಿ ಇದ್ದದ್ದು ಮೂವರ ಬಳಿ: ಸಭಾಧ್ಯಕ್ಷರು, ಗೃಹಮಂತ್ರಿಯ ಕಾರ್ಯದರ್ಶಿ, ಮತ್ತು ಮಸೂದೆಗಳನ್ನು ಬರೆಯುವ ಮುಖ್ಯ ಕರಡುಗಾರ. ಕದ್ದವರಾಗಿದ್ದರೆ ಸಭಾಧ್ಯಕ್ಷರು ಅತ್ತೆಯ ಮಾತು ಕೇಳಿ ಸಹಿ ನಿಲ್ಲಿಸುತ್ತಿರಲಿಲ್ಲ.

"ಅತ್ತೆ, ಇದಕ್ಕೆ ತಲೆ ಯಾಕೆ ಕೆಡಿಸ್ಕೋತೀಯಾ? ಇಸ್ತ್ರಿನೇ!" ಎಂದ ಡೈಲಾಗ್. ಕಾರ್ಯದರ್ಶಿಯ ಅಂಗಿಯಲ್ಲಿ ಒಂದು ಸುಕ್ಕನ್ನೂ ಯಾರೂ ಕಂಡಿರಲಿಲ್ಲ, ಅದಕ್ಕೆ ಆ ಹೆಸರು. "ಒಂಬತ್ತನೇ ಕಲಂ ಅಂದ್ರೆ ಕಳ್ಳರಿಗೆ ಆಮಂತ್ರಣ ಪತ್ರಿಕೆ ಅಂತ ಎಲ್ಲರ ಮುಂದೆ ಅಂದಿದ್ದ. ವಿಲನ್ ಮೊದಲ ಸೀನಲ್ಲೇ ಎಂಟ್ರಿ ಕೊಟ್ಟಾಗಿದೆ."

"ಮೊದಲ ಸೀನಲ್ಲಿ ಬರೋನು ವಿಲನ್ ಆಗಿದ್ರೆ ಮಧ್ಯಂತರಕ್ಕೇ ಮನೆಗೆ ಹೋಗ್ಬಹುದಿತ್ತಲ್ಲೋ. ಚಪ್ಪಲಿ ಹಾಕ್ಕೋ, ನಡಿ."

ಇಸ್ತ್ರಿ ಕುರ್ಚಿಯಿಂದ ಏಳಲೇ ಇಲ್ಲ. "ನನಗೆ ಆ ಕಲಂ ಇಷ್ಟ ಇರ್ಲಿಲ್ಲ, ನಿಜ. ಮತಕ್ಕೆ ಹಾಕಿದ್ರು, ಸೋತ್ವಿ, ಮುಗೀತು. ಮಸೂದೆ ಪೂರ್ತಿ ನಾನು ಓದಿಯೂ ಇಲ್ಲ. ಸಾರಾಂಶ ಓದ್ತೀನಿ, ಸಹಿ ಹಾಕ್ತೀನಿ. ನನಗೆ ಇನ್ನೂ ನಲವತ್ತು ಕಡತ ಇದೆ ಕಣ್ರೀ."

ಕರಡುಗಾರರ ಕೋಣೆಯಲ್ಲಿ ಡೈಲಾಗ್‌ಗೆ ತವರಿಗೆ ಬಂದಂತಾಯಿತು. ಅವನು ಕೆಲಸಕ್ಕೆ ಸೇರಿದಾಗ ಕಾನೂನಿನ ಒಂದೊಂದು ಪದಕ್ಕೂ ಅರ್ಥ ಹೇಳಿಕೊಟ್ಟವರು ಅವರು. ಅಂದಿನಿಂದ ಅವನಿಗೆ ಅವರು 'ಮಾವ'. ಮೇಜಿನ ಮೇಲೆ ಚೂಪು ಮಾಡಿದ ಆರು ಪೆನ್ಸಿಲು, ಪಕ್ಕದಲ್ಲಿ ಮಗಳು ಮತ್ತು ಪೊಲೀಸ್ ಸಮವಸ್ತ್ರದ ಅಳಿಯನ ಫೋಟೊ.

"ಆ ಕಲಂ ಹನ್ನೊಂದು ಸಲ ತಿದ್ದಿ ಬರೆದಿದ್ದೆನಮ್ಮ," ಎಂದರು ಮಾವ. ಕಣ್ಣು ಕೆಂಪಾಗಿತ್ತು. "ನನ್ನ ಮೂವತ್ತೈದು ವರ್ಷದ ಕೆಲಸದಲ್ಲಿ ಅದಕ್ಕಿಂತ ಒಳ್ಳೇದು ಬರೆದಿಲ್ಲ."

ತನ್ನ ಕೋಣೆಗೆ ಮರಳಿದ ಅತ್ತೆ ಸಭೆ ಒಪ್ಪಿದ ಪ್ರತಿ, ಅಚ್ಚಾಗಿ ಬಂದ ಪ್ರತಿ ಎರಡನ್ನೂ ಅಕ್ಕಪಕ್ಕ ಹರಡಿದಳು. "ನೋಡೋ. ಒಂಬತ್ತು ಹೋಗಿದೆ. ಆಮೇಲಿನ ಕಲಂಗಳ ಸಂಖ್ಯೆ ಒಂದೊಂದು ಇಳಿದಿದೆ. ಶಿಕ್ಷೆಯ ಕಲಂನಲ್ಲಿದ್ದ ಒಂಬತ್ತರ ಮಾತೂ ಹೋಗಿದೆ. ಇಲ್ಲಿ, ಎರಡನೇ ಕಲಂನಲ್ಲಿ, 'ಬಂಧನ' ಅಂದ್ರೆ ಏನು ಅಂತ ವಿವರಣೆ ಇತ್ತು. ಅದೂ ಇಲ್ಲ."

"ಕಳ್ಳ ಭಾರಿ ನೀಟಪ್ಪ. ಗುಡಿಸಿ, ಒರೆಸಿ ಹೋಗಿದಾನೆ."

"ಅದೇ ನಾನೂ ಕೇಳ್ತಿರೋದು. ಒರೆಸಿದ್ದು ಯಾಕೆ?" ಎಂದ ಅತ್ತೆ ಒಂದು ಹಾಳೆ ತೆಗೆದುಕೊಂಡು ಟೈಪ್ ಮಾಡಲು ಕೂತಳು.

ಮಧ್ಯಾಹ್ನ ಮೂರಕ್ಕೆ ಎಲ್ಲರೂ ಸಭಾಧ್ಯಕ್ಷರ ಕೋಣೆಯಲ್ಲಿ ಸೇರಿದರು. ಫೋರ್‌ಮನ್‌ನ ಹೆಂಡತಿ ಬಾಗಿಲ ಬಳಿ ಗೋಡೆಗೆ ಒರಗಿ ನಿಂತಳು. ಅತ್ತೆ ಇಸ್ತ್ರಿಗೂ ಮಾವನಿಗೂ ಒಂದೊಂದು ಹಾಳೆ ಕೊಟ್ಟಳು. "ಚೀಲದ ಕೀಲಿ ನಿಮ್ಮ ಹತ್ರ ಇತ್ತು ಅನ್ನೋದಕ್ಕೆ ಹೇಳಿಕೆ. ಮೂರೇ ಪ್ಯಾರಾ. ಸಹಿ ಹಾಕಿ, ಹೊರಡೋಣ."

ಇಸ್ತ್ರಿ ಓದದೆ ಗೀಚಿ ಹಾಳೆ ತಳ್ಳಿದ. ಮಾವ ಕನ್ನಡಕ ಏರಿಸಿಕೊಂಡು ಓದಿದರು. ಮೂರನೇ ಪ್ಯಾರಾಕ್ಕೆ ಬಂದಾಗ ಅವರ ಕೈ ಜೇಬಿಗೆ ಹೋಗಿ ಪೆನ್ಸಿಲು ತಂದಿತು. ಏನೋ ಹೊಡೆದುಹಾಕಿ, ಏನೋ ಬರೆದು, ಆಮೇಲೆ ಸಹಿ ಹಾಕಿದರು.

ಅತ್ತೆ ಎರಡೂ ಹಾಳೆಗಳನ್ನು ಸಭಾಧ್ಯಕ್ಷರ ಮುಂದಿಟ್ಟಳು. "ಕೊನೇ ಪ್ಯಾರಾದಲ್ಲಿ ನಾನು ಬೇಕಂತಲೇ 'ಐದನೇ ಪ್ಯಾರಾದಲ್ಲಿ ಹೇಳಿದಂತೆ' ಅಂತ ಬರೆದಿದ್ದೆ. ಇರೋದೇ ಮೂರು. ಇವರು ನೋಡಲೂ ಇಲ್ಲ. ಇನ್ನೊಬ್ಬರು ಐದನ್ನ ಹೊಡೆದು ಎರಡು ಮಾಡಿದಾರೆ."

"ಅದಕ್ಕೇನೀಗ?" ಎಂದರು ಸಭಾಧ್ಯಕ್ಷರು.

"ಕಲಂ ಕದಿಯೋಕೆ ಒಂಬತ್ತು ತೆಗೆದು ಸಂಖ್ಯೆ ಸರಿಮಾಡಿದ್ರೆ ಸಾಕಿತ್ತು. ಅಷ್ಟು ಯಾವ ಜಾಣ ಕಳ್ಳನಾದ್ರೂ ಮಾಡ್ತಾನೆ. ಆದ್ರೆ 'ಬಂಧನ' ಅನ್ನೋ ಪದ ಇಡೀ ಮಸೂದೆಯಲ್ಲಿ ಬರ್ತಿದ್ದದ್ದು ಒಂಬತ್ತರಲ್ಲಿ ಮಾತ್ರ. ಒಂಬತ್ತು ಹೋದ್ಮೇಲೆ ಎರಡನೇ ಕಲಂನಲ್ಲಿ ಆ ವಿವರಣೆ ಸುಮ್ನೆ ಉಳೀತಿತ್ತು. ಉಳಿದ್ರೆ ಯಾರಿಗೆ ನಷ್ಟ? ಯಾರಿಗೂ ಇಲ್ಲ. ಆದ್ರೆ ಉಪಯೋಗ ಇಲ್ಲದ ವಿವರಣೆ, ಇಲ್ಲದ ಪ್ಯಾರಾಕ್ಕೆ ಕೈತೋರಿಸೋ ಸಾಲು, ಇವನ್ನ ಕಂಡ್ರೆ ಮೈ ಕಡಿಯೋದು ಈ ಭವನದಲ್ಲಿ ಒಬ್ಬರಿಗೇ. ಅವರ ಕೈ ಸುಮ್ನಿರಲ್ಲ." ಅತ್ತೆ ಮಾವನ ಕಡೆ ತಿರುಗಿ ಒಂದು ಕಾರ್ಡ್ ಎತ್ತಿ ಹಿಡಿದಳು. "ಸಭೆ ಒಪ್ಪಿದ ದಿನವೇ ಪದಗಳ ಕಾರ್ಡ್ ಮಾಡಿಟ್ಟಿದ್ದೆ. ಕಲಂ ಸಂಖ್ಯೆ ತುಂಬೋದು ಕೊನೇ ಪ್ರತಿ ಬಂದ್ಮೇಲೆ. ಆ ವಿವರಣೆ ಬಿಟ್ಟಿದ್ದಿದ್ರೆ 'ಬಂಧನ, ಕಲಂ ಎರಡು' ಅಂತ ಬರೆದು ಮುಂದೆ ಹೋಗ್ತಿದ್ದೆ. ಅಳಿಸಿದ್ರಿಂದ ಕಾರ್ಡಿಗೆ ಜಾಗವೇ ಸಿಗಲಿಲ್ಲ. ಅಲ್ಲೇ ಸಿಕ್ಕಿಬಿದ್ರಿ, ರಾಯರೇ."

ಡೈಲಾಗ್ ಬರೆಯುತ್ತಿದ್ದ ಪೆನ್ಸಿಲಿನ ಮೊನೆ ಪಟ್ಟನೆ ಮುರಿಯಿತು. "ಅತ್ತೆ, ಹುಚ್ಚು ಹಿಡಿದಿದ್ಯಾ? ಅದನ್ನ ಬರೆದೋರೇ ಮಾವ! ಮಾವ, ಇಲ್ಲ ಅನ್ನಿ. ಒಂದೇ ಮಾತು... ಇಲ್ಲ ಅಂತ ಅನ್ನಿ ಸಾಕು."

ಮಾವ ಕನ್ನಡಕ ತೆಗೆದರು.

"ನಮ್ಮ ಅಳಿಯ ಒಬ್ಬ ವಿದ್ಯಾರ್ಥಿನ ಇಪ್ಪತ್ತು ದಿನದಿಂದ ಒಳಗಿಟ್ಟಿದಾನೆ," ಎಂದರು, ಮೇಜಿನ ಅಂಚು ಸವರುತ್ತ. "ಯಾವ ದಾಖಲೆಯಲ್ಲೂ ಆ ಹುಡುಗನ ಹೆಸರಿಲ್ಲ. ಅಂಕಿತ ಬಿದ್ದ ದಿನವೇ ಅಳಿಯ ಜೈಲಿಗೆ. ಮಗಳು ಏಳು ತಿಂಗಳ ಬಸುರಿ. ಮುಂದಿನ ಅಧಿವೇಶನದಲ್ಲಿ ತಪ್ಪು ಕಂಡುಹಿಡಿದ ಹಾಗೆ ಮಾಡಿ ನಾನೇ ಸೇರಿಸೋಣ ಅಂದ್ಕೊಂಡಿದ್ದೆ. ಆರೇ ತಿಂಗಳು."

"ನಮ್ಮನೆಯವ್ರಿಗೆ ಮೂರು ದಿನ ಆಯ್ತು," ಎಂದಳು ಬಾಗಿಲ ಬಳಿಯವಳು. "ಅವ್ರು ಮಾಡಿಲ್ಲ ಅಂತ ನಿಮಗೆ ಗೊತ್ತಿತ್ತಲ್ಲ."

ಮಾವ ಜೇಬಿನಿಂದ ಚೀಲದ ಕೀಲಿ ತೆಗೆದು ಮೇಜಿನ ಮೇಲಿಟ್ಟರು.

ಸಭಾಧ್ಯಕ್ಷರು ಫೋನ್ ಎತ್ತಿ ಗುಡುಗಿದರು. ಮೂರೂವರೆಗೆ ಫೋರ್‌ಮನ್ ಬಂದ. ತುಟಿ ಒಡೆದಿತ್ತು. ಹೆಂಡತಿಯ ಕಾಲು ನೋಡಿ ತನ್ನ ಚಪ್ಪಲಿ ಬಿಚ್ಚಿ ಅವಳ ಮುಂದಿಟ್ಟು, ಬರಿಗಾಲಲ್ಲೇ ಯಂತ್ರದ ಹತ್ತಿರ ನಡೆದ. ಸಭೆ ಒಪ್ಪಿದ್ದ ಮೂಲ ಪ್ರತಿಯಿಂದ ಒಂಬತ್ತನೇ ಕಲಂ ಸಮೇತ ಮಸೂದೆಯನ್ನು ಮತ್ತೆ ಅಚ್ಚು ಹಾಕಿದವನು ಅವನೇ. ಸಭಾಧ್ಯಕ್ಷರು ಸಹಿ ಹಾಕಿದರು, ಐದಕ್ಕೆ ಅಂಕಿತ ಬಿತ್ತು.

ಐದೂಕಾಲಿಗೆ ಪೊಲೀಸರು ಮಾವನ ತೋಳು ಹಿಡಿದರು. "ನಡೀರಿ."

"ನಿಲ್ಲಿ," ಎಂದಳು ಅತ್ತೆ. "ಯಾವ ಠಾಣೆಗೆ?"

"ಅದೆಲ್ಲಾ ನಿಮಗ್ಯಾಕಮ್ಮ?" ಎಂದ ಅವರಲ್ಲೊಬ್ಬ.

ಶಾಯಿ ಇನ್ನೂ ಆರದ ಹಾಳೆಯನ್ನು ಅತ್ತೆ ಅವನ ಎದೆಗೆ ಒತ್ತಿದಳು. "ಹದಿನೈದು ನಿಮಿಷದಿಂದ ಇದು ಕಾನೂನು. ಠಾಣೆ ಹೆಸರು ಹೇಳು. ನಾಳೆ ಇಷ್ಟೊತ್ತಿಗೆ ಇವರು ನ್ಯಾಯಾಧೀಶರ ಮುಂದೆ ನಿಂತಿರ್ಬೇಕು. ಇಲ್ದಿದ್ರೆ ಹದಿನೇಳನೇ ಕಲಂ ನಿಂಗೇ. ಇವರ ಅಳಿಯ ಒಳಗಿಟ್ಟಿರೋ ಆ ಹುಡುಗನಿಗೂ ಇದೇ ಕಾನೂನು."

ಪೊಲೀಸಿನವನು ಗೊಣಗುತ್ತ ಹೆಸರು ಹೇಳಿದ. ಡೈಲಾಗ್ ಬರೆದುಕೊಂಡ. ಮಾವನ ಮಗಳಿಗೆ ಫೋನ್ ಮಾಡಿದಾಗ ಅವನಿಗೆ ಯಾವ ಸಿನಿಮಾ ಮಾತೂ ನೆನಪಾಗಲಿಲ್ಲ. "ಅಕ್ಕಾ, ಅಪ್ಪ ಈ ಠಾಣೆಯಲ್ಲಿರ್ತಾರೆ. ನಾಳೆ ಬಂದು ನೋಡ್ಬಹುದು," ಎಂದು ಠಾಣೆಯ ಹೆಸರನ್ನು ಓದಿ ಹೇಳಿದ.

ಮಾವ ಆ ಹಾಳೆ ಕೇಳಿ ಪಡೆದರು. ಒಂಬತ್ತನೇ ಕಲಂ ಮೊದಲಿನಿಂದ ಕೊನೆಯವರೆಗೆ ಓದಿದರು. ಕೈ ಅಭ್ಯಾಸಬಲದಿಂದ ಜೇಬಿನವರೆಗೆ ಹೋಯಿತು, ಅಲ್ಲೇ ನಿಂತಿತು. ತಿದ್ದುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.